ಖಳನಾಯಕನಿಗೂ ಒಂದು ಪಂಕ್ತಿ

ಚಿತ್ರಕಥೆಗಳೆಂದರೆ ಮಕ್ಕಳ ಕಾಲಹರಣದ ಸಾಮಗ್ರಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಸಜ್ಜನನೊಬ್ಬ ದುರ್ಜನನಾಗುವುದು ಹೇಗೆ, ಅಂಥವನೊಡನೆ ಸಮಾಜ ಹೇಗೆ ವರ್ತಿಸಬೇಕು ಎಂಬ ಗಂಭೀರ ಪ್ರಶ್ನೆಗಳನ್ನು ಎಂಟು ದಶಕಗಳ ಹಿಂದಿನ ಬ್ಯಾಟ್‌ಮನ್ ಕಥೆಯೊಂದು ನೇರವಾಗಿ ಎತ್ತಿದೆ. ಈಚೆಗೆ ಅದನ್ನು ಮತ್ತೆ ಓದಿದಾಗ ನನಗೆ ನೆನಪಾದದ್ದು ನಮ್ಮ ರನ್ನ.

1942ರ ಆಗಸ್ಟ್‌ನಲ್ಲಿ ಅಮೆರಿಕದ ‘ಡಿಟೆಕ್ಟಿವ್ ಕಾಮಿಕ್ಸ್’ನ 66ನೇ ಸಂಚಿಕೆಯಲ್ಲಿ ಪ್ರಕಟವಾದ ಈ ಕಥೆಯ ಲೇಖಕ ಬಿಲ್ ಫಿಂಗರ್. ಮುಂದೆ ಹಾರ್ವೆ ಡೆಂಟ್ ಎಂದು ಪ್ರಸಿದ್ಧನಾದ ಸರ್ಕಾರಿ ಅಭಿಯೋಜಕನೇ ಇದರ ಕೇಂದ್ರ ಪಾತ್ರ. ಆತ ರೂಪವಂತ, ಪ್ರಾಮಾಣಿಕ. ಎರಡೂ ಬದಿಯಲ್ಲಿ ಒಂದೇ ಮುದ್ರೆಯುಳ್ಳ ಬೆಳ್ಳಿ ನಾಣ್ಯವನ್ನು ಆತ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಟ್ಟಾಗ, ಆರೋಪಿ ಎರಚಿದ ಆಮ್ಲಕ್ಕೆ ಅವನ ಅರ್ಧ ಮುಖ ಸುಟ್ಟುಹೋಗುತ್ತದೆ. ಜನ ಬೆದರಿ ದೂರ ಸರಿಯುತ್ತಾರೆ, ಮದುವೆಯಾಗಬೇಕಿದ್ದವಳೂ ಬೆಚ್ಚುತ್ತಾಳೆ. ಆತ ಅದೇ ನಾಣ್ಯದ ಒಂದು ಬದಿಯನ್ನು ಗೀಚಿ ವಿರೂಪಗೊಳಿಸಿ, ತನ್ನ ನಿರ್ಧಾರಗಳನ್ನೆಲ್ಲ ಅದಕ್ಕೆ ಒಪ್ಪಿಸಿ ದರೋಡೆಗಿಳಿಯುತ್ತಾನೆ. ಶರಣಾಗು ಎಂದು ಬ್ಯಾಟ್‌ಮನ್ ಕೇಳಿಕೊಂಡಾಗಲೂ ನಾಣ್ಯವನ್ನೇ ಚಿಮ್ಮುತ್ತಾನೆ. ಅದು ನೆಲದ ಬಿರುಕಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಮೊದಲ ಕಂತು ಮುಗಿಯುವುದೇ ಅಲ್ಲಿ.

ಆಡಳಿತದಲ್ಲಿ ದೀರ್ಘಕಾಲ ಕಳೆದ ನನಗೆ ಆಮ್ಲಕ್ಕಿಂತ ಈ ನಾಣ್ಯವೇ ಹೆಚ್ಚು ಭಯ ಹುಟ್ಟಿಸುತ್ತದೆ. ಹೊಣೆಯನ್ನು ವಿಧಿಗೆ ವಹಿಸಿಕೊಟ್ಟವನಿಗೆ ಪಶ್ಚಾತ್ತಾಪದ ಬಾಗಿಲೂ ಮುಚ್ಚುತ್ತದೆ. ಅವನಿಗೆ ಅನ್ಯಾಯವಾದದ್ದು ನಿಜ. ಆದರೆ ಅವನು ದೋಚಿದವರಿಗೆ ಆ ನಿಜದಿಂದ ಯಾವ ಪರಿಹಾರವೂ ಸಿಗದು. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ.

ರನ್ನ ಹಿಡಿದುಕೊಂಡಿದ್ದ. ಅವನ ‘ಗದಾಯುದ್ಧ’ಕ್ಕೆ ‘ಸಾಹಸಭೀಮ ವಿಜಯ’ ಎಂದೂ ಹೆಸರು. ಕಲ್ಯಾಣ ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿದ ಕಾವ್ಯವದು. ಜಯ ಯಾರದೆಂಬುದು ಹೆಸರಿನಲ್ಲೇ ತೀರ್ಮಾನವಾಗಿದೆ. ಆದರೂ ಕವಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ತಮ್ಮನಿಗಾಗಿ, ಗೆಳೆಯ ಕರ್ಣನಿಗಾಗಿ ಅಳಿಸುತ್ತಾನೆ. ಶತ್ರುಪುತ್ರ ಅಭಿಮನ್ಯುವಿನ ಶೌರ್ಯವನ್ನು ಅವನ ಬಾಯಿಂದಲೇ ಹೊಗಳಿಸುತ್ತಾನೆ. ಓದುಗನ ಕಣ್ಣು ತೇವವಾಗುತ್ತದೆ. ಹಾಗೆಂದು ಭೀಮನ ಗದೆ ತಪ್ಪುವುದಿಲ್ಲ. ಮರುಕಕ್ಕೂ ತೀರ್ಪಿಗೂ ವಿರೋಧವಿಲ್ಲವೆಂಬ ಈ ವಿವೇಕ ಕನ್ನಡಕ್ಕೆ ಸಾವಿರ ವರ್ಷದಷ್ಟು ಹಳೆಯದು.

ನಮ್ಮ ಕಾನೂನಿಗೂ ಈ ವಿವೇಕ ಅಪರಿಚಿತವಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧಗಳಲ್ಲಿ, ಕೃತ್ಯದ ಸ್ವರೂಪದ ಜೊತೆಗೆ ಅಪರಾಧಿಯ ನಡತೆಯನ್ನೂ ಪರಿಗಣಿಸಿ, ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಿದೆ. ಹಾಗೆ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆಯೂ ಅಂಟಬಾರದು ಎನ್ನುತ್ತದೆ ಅದರ 12ನೇ ಕಲಂ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರ ತಮ್ಮ ಪ್ರಬಂಧದಲ್ಲಿ ಅಪರಾಧವನ್ನು ಲಾಭನಷ್ಟಗಳ ಲೆಕ್ಕಾಚಾರವಾಗಿ ನೋಡಿದರು. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಶಿಕ್ಷೆಯ ಭಯವಿದ್ದರೆ, ಪ್ರಾಮಾಣಿಕ ದುಡಿಮೆಯ ಕೂಲಿಯೂ ಅಲ್ಲೇ ಕೂರುತ್ತದೆ. ದುಡಿಮೆಯ ದಾರಿ ಮುಚ್ಚಿದ ಸಮಾಜ ಅಪರಾಧವನ್ನು ತಾನೇ ಅಗ್ಗಗೊಳಿಸುತ್ತದೆ.

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನಕ್ಕೆ ಹೋದಾಗಲೆಲ್ಲ ನನ್ನನ್ನು ಕಾಡುವ ವಿಚಾರವೂ ಇದೇ. 1822ರಲ್ಲಿ ಲಿಂಗೈಕ್ಯರಾದ ಅರಳಗುಂಡಗಿಯ ಈ ಮಹಾದಾಸೋಹಿ, ಹೊಲದ ಜೋಳ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರನ್ನೂ ಇಟ್ಟರೆಂಬುದು ಐತಿಹ್ಯ. ಹೋಳಿ ಹುಣ್ಣಿಮೆಯ ಬಳಿಕ ನಡೆಯುವ ರಥೋತ್ಸವಕ್ಕೆ ಜನಸಾಗರವೇ ಸೇರುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನ ಪೂರ್ವಾಪರವನ್ನು ಬಡಿಸುವವರು ವಿಚಾರಿಸುವುದಿಲ್ಲ. ಅದೇ ಮನುಷ್ಯ ಉಂಡೆದ್ದು ಪೇಟೆಯಲ್ಲಿ ಕೆಲಸ ಕೇಳಿದರೆ, ಬಾಡಿಗೆಗೆ ಮನೆ ಕೇಳಿದರೆ, ನಾವು ಮೊದಲು ವಿಚಾರಿಸುವುದೇ ಅದನ್ನು.

ಎಲ್ಲ ಅಪರಾಧಿಗಳನ್ನೂ ಕ್ಷಮಿಸಿಬಿಡಬೇಕೆಂದು ನಾನು ವಾದಿಸುತ್ತಿಲ್ಲ. ನೊಂದವರ ಹಕ್ಕು ಮೊದಲನೆಯದು, ಶಿಕ್ಷೆ ಅಗತ್ಯ. ಆದರೆ ನ್ಯಾಯಾಲಯ ವಿಧಿಸಿದ ಅವಧಿ ಮುಗಿದ ದಿನವೇ ಊರು ವಿಧಿಸುವ ಅವಧಿ ಆರಂಭವಾಗಬಾರದು. ಪರಿವೀಕ್ಷಣಾಧಿಕಾರಿಯ ವರದಿ ಕಡತದ ಔಪಚಾರಿಕತೆಯಾಗದಿರಲಿ. ಜೈಲಿನಲ್ಲಿ ಕಲಿತ ಕಸುಬಿಗೆ ಹೊರಗೊಂದು ಕೆಲಸ ಸಿಗಲಿ. ಇಷ್ಟನ್ನೂ ಮಾಡದೆ ಬಿಡುಗಡೆಯಾದವನನ್ನು ಬೀದಿಗೆ ಕಳುಹಿಸಿದರೆ, ನಾಣ್ಯ ಚಿಮ್ಮುವ ಕೈ ನಮ್ಮದೇ ಆಗುತ್ತದೆ.