ಏರೋಪ್ಲೇನ್ ಚಿಟ್ಟೆಯ ಊರು

ಮಳೆಗಾಲ ಮುಗಿಯುತ್ತ ಬಂದಾಗ ದೆಹಲಿಯ ಹುಲ್ಲುಹಾಸುಗಳ ಮೇಲೆ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ ಸುಳಿದಾಡುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಚಿಕ್ಕಂದಿನಲ್ಲಿ ಅವುಗಳ ಬಾಲಕ್ಕೆ ದಾರ ಕಟ್ಟಿ ಹಾರಿಸಿದ ಪಾಪ ನಮ್ಮ ತಲೆಯ ಮೇಲೂ ಇದೆ. ಮೊನ್ನೆ ನಮ್ಮ ಮಗಳು, “ಅಪ್ಪಾ, ಇದು ಎಷ್ಟು ಮೇಲೆ ಹಾರತ್ತೆ?” ಎಂದಳು. “ದಾರ ಇರುವಷ್ಟು” ಎಂದು ಹೇಳಿ ಪಾರಾಗಲು ನೋಡಿದೆವು. ಅವಳು ಬಿಡಲಿಲ್ಲ. ಪುಸ್ತಕ ತೆರೆದಾಗ ನಮಗೇ ಬೆರಗಾಯಿತು.

ಇದರ ಶಾಸ್ತ್ರೀಯ ನಾಮ ಪಾಂಟಾಲ ಫ್ಲಾವೆಸೆನ್ಸ್. ಉದ್ದ ಎರಡಂಗುಲಕ್ಕೂ ಕಡಿಮೆ. ಪ್ರತಿವರ್ಷ ಅಕ್ಟೋಬರ್ ತಿಂಗಳ ಸುಮಾರಿಗೆ ಇವು ಮಾಲ್ಡೀವ್ಸ್ ದ್ವೀಪಗಳಲ್ಲಿ ಅಸಂಖ್ಯವಾಗಿ ಬಂದಿಳಿಯುತ್ತವೆ. ಮೊಟ್ಟೆಯಿಡಲು ಅಲ್ಲಿ ಸಿಹಿನೀರಿನ ಕೆರೆಕುಂಟೆಗಳೇ ಇಲ್ಲವೆನ್ನಬಹುದು. ಹಾಗಾದರೆ ಬಂದದ್ದು ಎಲ್ಲಿಂದ? ಅಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಉತ್ತರ ಕೊಟ್ಟರು: ಭಾರತದಿಂದ, ಕಡಲು ದಾಟಿ, ಮುಂದಿನ ಪಯಣ ಆಫ್ರಿಕಕ್ಕೆ! ಆ ಕಾಲದಲ್ಲಿ ಕೆಳಗಿನ ಗಾಳಿ ಇವಕ್ಕೆ ಎದುರಾಗಿ ಬೀಸುತ್ತಿರುತ್ತದೆ. ಮೇಲೆ, 1,000 ಮೀಟರಿಗಿಂತ ಎತ್ತರದಲ್ಲಿ, ಈಶಾನ್ಯದ ಗಾಳಿ. ಅಷ್ಟೆತ್ತರಕ್ಕೇರಿ ಆ ಗಾಳಿಯ ಬೆನ್ನೇರಿಯೇ ಇವು ಸಾಗುತ್ತವೆಂಬುದು ಅವರ ತರ್ಕ. ನಮ್ಮ ಕುತುಬ್ ಮಿನಾರಿನ ಎತ್ತರ ಸುಮಾರು 73 ಮೀಟರ್. ಅಂಥ ಹದಿಮೂರು ಮಿನಾರುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಇವುಗಳ ದಾರಿಗೆ ಮುಟ್ಟದು.

2012ರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಮರಿ ಬೆಳೆದ ನೀರಿನ ಗುರುತು ಚಿಟ್ಟೆಯ ರೆಕ್ಕೆಯಲ್ಲಿ ಉಳಿಯುತ್ತದೆ. ನೀರಿನಲ್ಲಿರುವ ಜಲಜನಕದ ಬಗೆ ಊರಿಂದೂರಿಗೆ ಬೇರೆ. ಮಾಲ್ಡೀವ್ಸಿನಲ್ಲಿ ಹಿಡಿದ ಚಿಟ್ಟೆಗಳ ರೆಕ್ಕೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇವು ಉಪಖಂಡದ ಉತ್ತರ ಭಾಗದಲ್ಲಿ ಹುಟ್ಟಿದವೆಂದು ಕಂಡುಕೊಂಡರು. ನಮ್ಮ ಬಡಾವಣೆಯ ಮಳೆನೀರಿನ ಹೊಂಡದಲ್ಲಿ ಹುಟ್ಟಿದ್ದೂ ಅವುಗಳಲ್ಲಿ ಒಂದಿರಬಹುದಲ್ಲವೆ?

ಹೋಗಿಬರುವ ದಾರಿ 14,000 ಕಿಲೋಮೀಟರಿಗೂ ಹೆಚ್ಚೆಂದು ಅಂದಾಜು. ಒಂದು ಚಿಟ್ಟೆಯ ಆಯುಷ್ಯಕ್ಕೆ ಅದು ಮುಗಿಯದು. ಸುಮಾರು ನಾಲ್ಕು ತಲೆಮಾರು ಬೇಕು. ಹೋದದ್ದು ಮರಳುವುದಿಲ್ಲ. ಮರಳುವುದು ಅದರ ಮೊಮ್ಮಕ್ಕಳೋ ಮರಿಮಕ್ಕಳೋ.

ಇದನ್ನೆಲ್ಲ ಕೇಳಿದ ಮಗಳು, “ಹಾಗಾದ್ರೆ ಅದಕ್ಕೆ ತನ್ನ ಊರು ಯಾವ್ದು ಅಂತ ಹೇಗಪ್ಪಾ ಗೊತ್ತಾಗತ್ತೆ?” ಎಂದಳು. ನಾವು ಹಾಸನದವರು, ಅವಳು ಹುಟ್ಟಿದ್ದು ರಾಮಕೃಷ್ಣಪುರದ ಕ್ವಾರ್ಟರ್ಸಿನಲ್ಲಿ. ಊರಿಗೆ ಹೋಗಿ ಮೂರು ವರ್ಷವಾಯಿತು. ಈ ಪ್ರಶ್ನೆಗೆ ನಾವು ಪುಸ್ತಕ ತೆರೆಯಲಿಲ್ಲ. ದಸರಾ ರಜೆಗೆ ರೈಲಿನ ಟಿಕೆಟ್ಟು ಸಿಗುವುದೇ ಎಂದು ನೋಡಿದೆವು.