ನಿಮಗಿದು ಗೊತ್ತೇ? ಗೂರಲು ಕೆರಳುವುದು ಎಲ್ಲಿಂದ?

ಗೂರಲು, ಅಂದರೆ ಆಸ್ತಮಾ, ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಹರಡುವುದಿಲ್ಲ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು, ನಿಜ. ಆದರೆ ಇದ್ದ ಕಾಯಿಲೆಯನ್ನು ಕೆಣಕುವ ವಸ್ತುಗಳು ನಮ್ಮ ಕಣದಲ್ಲಿ, ಬೇಲಿಯಂಚಿನಲ್ಲಿ, ಕೋಣೆಯೊಳಗೇ ಇವೆ.

ಸುಗ್ಗಿ ಬಂತೆಂದರೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಡಾಂಬರು ರಸ್ತೆಯೇ ರಾಗಿ ಕಣ. ತೂರುವಾಗ ಏಳುವ ದೂಳಿನಲ್ಲಿ ಹೊಟ್ಟು ಮಾತ್ರವಲ್ಲ, ಬೂಷ್ಟಿನ ಕಣಗಳೂ ಹುಳುಗಳ ಚೂರೂ ಇರುತ್ತವೆ. ಧಾನ್ಯ ಜರಡಿ ಹಿಡಿಯುವವರ ಉಸಿರಾಟದ ಕಷ್ಟವನ್ನು ಇಟಲಿಯ ವೈದ್ಯ ರಾಮಝೀನಿ 1700ರಲ್ಲೇ ಬರೆದಿಟ್ಟಿದ್ದರು. ಇನ್ನೂ ಅಚ್ಚರಿಯ ಸಂಗತಿ ಸ್ಪೇನಿನ ಬಾರ್ಸಿಲೋನಾದ್ದು. 1980ರ ದಶಕದಲ್ಲಿ ಅಲ್ಲಿ ಕೆಲವು ದಿನ ಇದ್ದಕ್ಕಿದ್ದಂತೆ ಆಸ್ತಮಾ ರೋಗಿಗಳು ಆಸ್ಪತ್ರೆಗೆ ಮುಗಿಬೀಳುತ್ತಿದ್ದರು. ಹುಡುಕಿದರೆ, ಅವು ಬಂದರಿನಲ್ಲಿ ಹಡಗಿನಿಂದ ಸೋಯಾ ಇಳಿಸಿದ ದಿನಗಳು! ಉಗ್ರಾಣಕ್ಕೆ ದೂಳು ತಡೆಯುವ ಫಿಲ್ಟರ್ ಹಾಕಿದ ಮೇಲೆ ಆ ಕಾಟ ನಿಂತಿತು. ನಮ್ಮ ಕಣಕ್ಕೆ ಫಿಲ್ಟರ್ ಇಲ್ಲ. ಗೂರಲು ಇರುವವರನ್ನು ತೂರುವ ಕೆಲಸಕ್ಕೆ ನಿಲ್ಲಿಸದಿರುವುದಂತೂ ನಮ್ಮ ಕೈಯಲ್ಲಿದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯಿದೆ. ಸುತ್ತಲಿನ ಹಳ್ಳಿಗಳ ಬ್ಯಾರನ್‌ಗಳಲ್ಲಿ (ತಂಬಾಕು ಒಣಗಿಸುವ ಮನೆಗಳಲ್ಲಿ) ಸೊಪ್ಪು ಹದವಾಗಲು ಹಗಲೂ ರಾತ್ರಿ ಸೌದೆ ಉರಿಯಬೇಕು. ಬೆಂಕಿ ಕಾಯುವವರು ಹೊಗೆ ಕುಡಿಯುತ್ತಾರೆ, ಒಣಸೊಪ್ಪನ್ನು ವಿಂಗಡಿಸುವವರು ದೂಳು ಕುಡಿಯುತ್ತಾರೆ. ಹೆಚ್ಚಿನ ಊರುಗಳಲ್ಲಿ ಈ ವಿಂಗಡಣೆ ಹೆಂಗಸರ ಕೆಲಸ. ಅವರ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ ಎಂಬುದೇ ನನ್ನ ಸಂಕಟ. ಕೆಲಸದ ದಿನ ಹೆಚ್ಚಿ, ರಜೆಯ ದಿನ ತಗ್ಗುವ ಉಬ್ಬಸ ಕೆಲಸದಿಂದಲೇ ಬಂದಿರಬಹುದು. ವೈದ್ಯರಿಗೆ ಇದನ್ನು ತಪ್ಪದೆ ಹೇಳಬೇಕು. ತೆಂಗಿನ ನಾರಿನ ಕಾರ್ಖಾನೆಯವರಿಗೂ ಬೇಕರಿಯಲ್ಲಿ ಹಿಟ್ಟು ನಾದುವವರಿಗೂ ಇದೇ ಮಾತು.

ಕಾಂಗ್ರೆಸ್ ಗಿಡ ನಮ್ಮ ನಾಡಿನದಲ್ಲ, ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ಈಗ ಹಾಸನದ ಖಾಲಿ ನಿವೇಶನಗಳವರೆಗೂ ಹಬ್ಬಿದೆ. ಅದರ ಪರಾಗ ಕೆಲವರಿಗೆ ಸೀನು, ತುರಿಕೆ, ಉಬ್ಬಸ ತರುತ್ತದೆ. ಹೂ ಬಿಡುವ ಮುಂಚೆ, ಕೈಗವಸು ತೊಟ್ಟು ಕೀಳಿ.

ಸೊಳ್ಳೆಬತ್ತಿ ಒಂದು ಪೂರ್ತಿ ಉರಿದರೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ! 2003ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕವಿದು. ಕಿಟಕಿ ಮುಚ್ಚಿ ಬತ್ತಿ ಹಚ್ಚುವುದಕ್ಕಿಂತ ಸೊಳ್ಳೆಪರದೆ ಎಷ್ಟೋ ವಾಸಿ.

ಅರ್ಧ ಮಿಲಿಮೀಟರೂ ಇಲ್ಲದ ದೂಳುನುಸಿ ನಮ್ಮ ದಿಂಬಿನಲ್ಲೇ ಮನೆಮಾಡಿ, ಉದುರಿದ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಉಬ್ಬಸ ಕೆಣಕುವುದು ಮುಖ್ಯವಾಗಿ ಅದರ ಹಿಕ್ಕೆ.

ಮಕ್ಕಳಲ್ಲಿ ಗೂರಲು ಏಳಿಸುವುದರಲ್ಲಿ ಮುಂಚೂಣಿ ನೆಗಡಿ ವೈರಸ್ಸಿನದು. ಹಾಸನದ ಮಾಗಿಯ ತಣ್ಣನೆ ಗಾಳಿ, ಓಟ, ಜೋರು ಅಳು, ಬಿದ್ದುಬಿದ್ದು ನಗುವುದೂ ಕೆಲವರಿಗೆ ಸಾಕು.

ಕೊಟ್ಟಿಗೆಯ ವಿಷಯ ಮಾತ್ರ ತಿರುಗುಮುರುಗು. ಅಮೆರಿಕದಲ್ಲಿ ಹಸುಗಳ ಒಡನಾಟದಲ್ಲೇ ಬೆಳೆಯುವ ಆಮಿಶ್ ಸಮುದಾಯದ ಮಕ್ಕಳಲ್ಲಿ ಆಸ್ತಮಾ ಶೇ. 5ರಷ್ಟಿತ್ತು. ಯಂತ್ರಬೇಸಾಯದ ಹಟರೈಟ್ ಸಮುದಾಯದ ಮಕ್ಕಳಲ್ಲಿ ಶೇ. 21! ಇದು 2016ರ ವರದಿ. ಹಾಗೆಂದು, ಆಗಲೇ ಗೂರಲು ಇರುವವರಿಗೆ ಕೊಟ್ಟಿಗೆಯ ಹುಲ್ಲಿನ ದೂಳು ಮದ್ದಲ್ಲ.

ಕೆಲವು ವಯಸ್ಕರಿಗೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು, ಬೀಟಾ ಬ್ಲಾಕರ್ ವರ್ಗದ ಬಿ.ಪಿ. ಮಾತ್ರೆಗಳು ಅಪಾಯಕರ ಉಬ್ಬಸ ತರಬಲ್ಲವು. ಔಷಧಿ ಅಂಗಡಿಯಲ್ಲಿ ಮೈಕೈ ನೋವಿಗೆ ಮಾತ್ರೆ ಕೇಳುವಾಗ, ‘ನನಗೆ ಗೂರಲು ಇದೆ’ ಎಂದು ಮೊದಲೇ ಹೇಳಿ.