ಹಲ್ಲಿನ ಸಂದಿಗೊಂದು ರೇಷ್ಮೆ ಎಳೆ

ವಿದ್ಯುತ್ ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಎಳೆಯ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಸಿನಲ್ಲಿ ಒಂದೇ ಎಳೆ ಕಡಿದರೂ ಸೀರೆಯಲ್ಲಿ ಗೆರೆ ಕಾಣುತ್ತದೆ. ಆದರೆ ಈ ರೇಷ್ಮೆ ಎಳೆ ಒಂದು ಕಾಲಕ್ಕೆ ಹಲ್ಲು ಶುಚಿ ಮಾಡುವ ಸಾಧನವೂ ಆಗಿತ್ತು ಎಂದರೆ ನೇಕಾರರೇ ಹುಬ್ಬೇರಿಸಿಯಾರು.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ, ಮೇಣ ಸವರಿದ ರೇಷ್ಮೆ ದಾರವನ್ನು ಹಲ್ಲುಗಳ ನಡುವೆ ಆಡಿಸಬೇಕೆಂದು 1819ರ ತನ್ನ ಪುಸ್ತಕದಲ್ಲಿ ಬರೆದ. 1882ರ ಹೊತ್ತಿಗೆ ಅಮೆರಿಕದ ಕಂಪನಿಯೊಂದು ಹಲ್ಲಿಗೆಂದೇ ರೇಷ್ಮೆ ದಾರವನ್ನು ಮಾರಾಟಕ್ಕೂ ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಷ್ಮೆಯ ಜಾಗಕ್ಕೆ ನೈಲಾನ್ ಬಂತು.

ದಾರವೇ ಏಕೆ? ಹಲ್ಲಿಗೆ ಐದು ಮುಖ. ಹೊರಗಿನದು, ಒಳಗಿನದು, ಅಗಿಯುವ ಮೇಲ್ಮೈ, ಈ ಮೂರಕ್ಕೆ ಬ್ರಷ್ಷು ಸಾಕು. ಪಕ್ಕದ ಹಲ್ಲಿಗೆ ಅಂಟಿಕೊಂಡ ಉಳಿದೆರಡು ಮುಖಗಳಿಗೆ ಅದರ ಎಳೆಗಳು ನುಗ್ಗುವುದಿಲ್ಲ. ಬೇವಿನ ಕಡ್ಡಿ, ಹೊಂಗೆ ಕಡ್ಡಿಗಳದೂ ಇದೇ ಕಥೆ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿ ಕನ್ನಡನಾಡಿನ ಎಷ್ಟೋ ಮನೆಗಳ ಬಚ್ಚಲಲ್ಲಿ ಜಾಗ ಪಡೆದಿದೆ. ಯಾವ ಪುಡಿಯಾದರೂ ಬೆರಳು ಹೋಗುವಷ್ಟು ದೂರವೇ ಹೋದೀತು. ಇದ್ದಿಲು, ಬೂದಿಗಳನ್ನು ಹಾಕಿ ಗಸಗಸ ಉಜ್ಜಿದರೆ ಹಲ್ಲು ಹೊಳೆಯುವುದೇನೋ ನಿಜ, ಜೊತೆಗೆ ಅದರ ಮೇಲಿನ ಎನಾಮಲ್ ಕವಚವೂ ಸವೆಯುತ್ತದೆ. ಸವೆದ ಕವಚ ಮತ್ತೆ ಬೆಳೆಯುವುದಿಲ್ಲ. ತಣ್ಣೀರು ತಾಕಿದರೆ ಹಲ್ಲು ಜುಮ್ಮೆನ್ನುವುದಕ್ಕೆ ಇದೂ ಒಂದು ಕಾರಣ.

ತೊಡೆಯಬೇಕಾದದ್ದು ಕಲೆಯನ್ನಲ್ಲ, ಪಾಚಿಯನ್ನು. ಊಟವಾದ ಮೇಲೆ ಹಲ್ಲಿಗೆ ಅಂಟುವ ಈ ಲೋಳೆಪದರ ಸೂಕ್ಷ್ಮಜೀವಿಗಳ ಬೀಡು. ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನಿಂದಲೇ ಕೆರೆದು ತೆಗೆದ ಪಾಚಿಯಲ್ಲಿ ಅವು ಚಲಿಸುವುದನ್ನು ಮಸೂರದಡಿ ಕಂಡು 1683ರಲ್ಲಿ ವರದಿ ಮಾಡಿದ್ದ. ತೆಗೆಯದೆ ಬಿಟ್ಟ ಪಾಚಿ ಗಾರೆಯಂತೆ ಗಟ್ಟಿಯಾಗುತ್ತದೆ, ವಸಡು ಊದಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಹಲ್ಲನ್ನು ಹಿಡಿದ ಮೂಳೆಯೇ ಕರಗಿ, ಒಂದು ತೂತೂ ಇಲ್ಲದ ಗಟ್ಟಿ ಹಲ್ಲು ಅಲ್ಲಾಡತೊಡಗುತ್ತದೆ. ದಿನವೂ ತಪ್ಪದೆ ಉಜ್ಜಿದವರೂ ಹಲ್ಲು ಕಳೆದುಕೊಳ್ಳುವುದು ಹೀಗೆ.

ಬ್ರಷ್ಷನ್ನು ವಸಡಿನಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಹಗುರವಾಗಿ ಎರಡು ನಿಮಿಷ ಆಡಿಸಬೇಕು. ಎಳೆ ಮೃದುವಾಗಿದ್ದಷ್ಟೂ ಒಳ್ಳೆಯದು. ಬೆಳಿಗ್ಗೆ ಉಜ್ಜುವುದನ್ನು ಮರೆಯದ ನಮ್ಮ ಮನೆಗಳು ರಾತ್ರಿಯದನ್ನು ಮರೆಯುತ್ತವೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಸೂಕ್ಷ್ಮಜೀವಿಗಳಿಗೆ ಅದೇ ಸುಗ್ಗಿ.

ಇನ್ನು ದಾರ. ಮೊಳದುದ್ದ ತೆಗೆದುಕೊಂಡು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ಸಂದಿಯೊಳಗೆ ಮೆಲ್ಲಗೆ ಇಳಿಸಬೇಕು. ಥಟ್ಟನೆ ಒತ್ತಿದರೆ ವಸಡು ಕೊಯ್ದೀತು. ಹಲ್ಲನ್ನು ತಬ್ಬುವಂತೆ ದಾರವನ್ನು ಬಾಗಿಸಿ ಮೇಲೆ ಕೆಳಗೆ ಎಳೆದು, ಮರುಕ್ಷಣ ಪಕ್ಕದ ಹಲ್ಲಿಗೂ ಹಾಗೆಯೇ ಮಾಡುವುದು. ದಿನಕ್ಕೆ ಒಮ್ಮೆ ಸಾಕು. ಮೊದಮೊದಲು ರಕ್ತ ಕಂಡು ಗಾಬರಿಯಾಗಿ ನಿಲ್ಲಿಸುವವರೇ ಹೆಚ್ಚು. ಆ ರಕ್ತ ಹೆಚ್ಚಾಗಿ ಊದಿದ ವಸಡಿನದು. ಒಂದೆರಡು ವಾರ ಬಿಡದೆ ಶುಚಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ದಂತವೈದ್ಯರ ಬಳಿ ಹೋಗಬೇಕು. ಸಂದಿ ಅಗಲವಾಗಿರುವವರಿಗೆ ದಾರಕ್ಕಿಂತ ಪುಟ್ಟ ಸಂದಿಬ್ರಷ್ಷೇ ಮೇಲು.

ಊಟದ ಬಳಿಕ ಬೆಂಕಿಕಡ್ಡಿಯಿಂದಲೋ ಪಿನ್ನಿನಿಂದಲೋ ಹಲ್ಲು ಕುಕ್ಕುವುದು ಮಾತ್ರ ವಸಡಿಗೆ ಗಾಯ. ಹಾಗೆಂದು ಮಗ್ಗದ ಎಳೆಯನ್ನೇ ಬಾಯಿಗಿಡುವುದೂ ಸಲ್ಲ. ಅದರಲ್ಲಿ ಬಣ್ಣವಿರುತ್ತದೆ, ಗಂಜಿಯಿರುತ್ತದೆ. ಹಲ್ಲಿಗೆಂದೇ ಮಾಡಿದ ದಾರ ಔಷಧಿ ಅಂಗಡಿಗಳಲ್ಲಿ ಪುಟ್ಟ ಡಬ್ಬಿಯಲ್ಲಿ ಸಿಗುತ್ತದೆ.